ಕೊಡೆ ಮಡಚುವವರೆಗೆ

ಚಳಿಗಾಲದ ಆ ವಾರ ಕಾಸರಕೋಡದಲ್ಲಿ ಬಿಸಿಲನ್ನೂ ಮೋಡವನ್ನೂ ನಂಬುವಂತಿರಲಿಲ್ಲ. ಒಣಗಲು ಹರವಿದ ಮೀನು ನೆನೆದರೆ ಕೊಳೆಯುತ್ತದೆ, ಮುಚ್ಚಿಟ್ಟರೆ ನಾರುತ್ತದೆ. ಬಗ್ಗಿ ಮೀನು ಮಗುಚುವ ನಮ್ಮಲ್ಲಿ ಒಬ್ಬಳು ಮುಚ್ಚಿದರೆ ಉಳಿದವರೂ ಮುಚ್ಚುವುದು ರೂಢಿ. ಅಂದು ಪ್ರವಾಸಿಯೊಬ್ಬರು ಕೊಡೆ ಬಿಚ್ಚಿದ್ದನ್ನು ಕಂಡು ನಾನು ಮೊದಲು ಮೀನಿನ ಮೇಲೆ ತಾಡಪಾಲು ಎಳೆದೆ, ದಂಡೆಯಲ್ಲಿದ್ದವರೆಲ್ಲ ಎಳೆದರು. ಮಧ್ಯಾಹ್ನವಾದರೂ ಹನಿ ಬೀಳಲಿಲ್ಲ, ಅವರು ಕೊಡೆ ಮಡಚಲಿಲ್ಲ.

"ಶುರು ಮಾಡಿದ್ದು ನೀನೇ ಅಲ್ವನೆ, ಹೋಗಿ ಕೇಳೆ" ಎಂದು ಹೆಂಗಸರು, ಹೊಸಬರೆದುರು ಮಾತು ಹೊರಡದ ನನ್ನನ್ನೇ ದೂಡಿದರು.

"ಅಣ್ಣಾ, ಮಳೆ ಎಷ್ಟೊತ್ತಿಗೆ ಬರೂದು? ಮೀನು ನಾರ್ತಾ ಅದೆ" ಎಂದೆ.

"ನಿನ್ನೆಯ ಮಳೆಗೆ ನೆನೆದ ಕೊಡೆ ಒಣಗಲೆಂದು ಬಿಚ್ಚಿದ್ದೆ, ಅಮ್ಮ. ನೀವೆಲ್ಲ ಮೀನು ಮುಚ್ಚಿದಿರಿ. ಮಳೆ ಬರುತ್ತದೆಂದು ಹಿಡಿದೇ ನಿಂತಿದ್ದೇನೆ!"

ಅವರು ಕೊಡೆ ಮಡಚಿದರು. ದಂಡೆಯ ತಾಡಪಾಲುಗಳೆಲ್ಲ ಒಟ್ಟಿಗೇ ಎದ್ದವು. ಆಕಾಶವನ್ನು ಮಾತ್ರ ಆಗಲೂ ಯಾರೂ ನೋಡಲಿಲ್ಲ.