ಹೆಗ್ಗಣ ಕಚ್ಚಿದ ಮನೆಯ ಸಾಕ್ಷಿ

ಹೆದರಿಕೆಯಾದಾಗ ಕಾಕೂ ಅವರ ಎಡಗಣ್ಣಿನ ರೆಪ್ಪೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಅದು ಯಾರಿಗೂ ಕಾಣಬಾರದೆಂದು ಸೆರಗನ್ನು ಹುಬ್ಬಿನ ತನಕ ಎಳೆದುಕೊಳ್ಳುತ್ತಿದ್ದರು. ಖಾನಾಪುರದ ಕಡೆಯ ಬೀಡಿ ಎಂಬ ಊರಿನವರು. ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಳಗಾವಿಯ ಹಳೆಯ ಹಂಚಿನ ಮನೆಯೊಂದರಲ್ಲಿ ನಮ್ಮ ಬಾಜೂಕ್ಕೆ ಒಬ್ಬರೇ ಬಾಡಿಗೆಗಿದ್ದರು.

ಹಿಂದಿನ ಗೋಡೆಯಾಚೆ ಮನೆ ಮಾಲಕರ ಶೇಂಗಾ, ಬೆಲ್ಲದ ಗೋದಾಮು. ಅಲ್ಲಿಂದ ಹೆಗ್ಗಣಗಳು ಗೋಡೆ ಕೊರೆದು ಬರುತ್ತಿದ್ದವು. ಹಾಡುಹಗಲಲ್ಲೂ ಗೋಡೆಯೊಳಗೆ ಕರಕರ ಸದ್ದು. ಅಪ್ಪ ಎಷ್ಟು ಹೇಳಿದರೂ ಮಾಲಕರದು ಒಂದೇ ಮಾತು: “ನೋಡೂಣು.” ಕಾಕೂ ಮಾತ್ರ ದಿನಾ ಬಂದು ನನ್ನ ತಮ್ಮನ ತೊಟ್ಟಿಲ ಕೆಳಗೆ ಬಗ್ಗಿ ನೋಡುತ್ತಿದ್ದರು. “ಕೂಸಿನ ಬಾಯಿ ಒರಸವಾ, ಹಾಲಿನ ವಾಸನಿಗೆ ಬರ್ತಾವ” ಎಂದು ಅವ್ವನಿಗೆ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅವ್ವ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ತಮ್ಮ ಕಿಟಾರನೆ ಚೀರಿದ. ಮೊದಲು ಒಳಗೆ ನುಗ್ಗಿದವರು ಕಾಕೂ. ತೊಟ್ಟಿಲ ತುಂಬ ರಕ್ತ. ಅವನನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದರು. ಗಾಯ ಕೀವಾಗಿ, ಕೊನೆಗೆ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು.

ಮಾಲಕರು ಬಂದು ಗದರಿದರು: “ಹೆಗ್ಗಣ ನಾ ಸಾಕೇನೇನ್ರೀ? ಸೇರಲಿಲ್ಲಂದ್ರ ಮನಿ ಖಾಲಿ ಮಾಡ್ರಿ.”

ಅಪ್ಪ ತಲೆ ತಗ್ಗಿಸಿದ. ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆಗ ಕಾಕೂ ಹೊಸ್ತಿಲಿಗೆ ಬಂದರು. “ನೀವು ಸಾಕಿಲ್ಲ, ಖರೇ. ಆದ್ರ ಅವು ತಿನ್ನೂದು ನಿಮ್ಮ ಶೇಂಗಾರೀ. ಗ್ವಾಡಿ ಮುಚ್ಚಸ್ರೀ ಅಂತ ಕೈಮುಗದು ಹೇಳಿದ್ವಿ.” ಮಾಲಕರು ಹೋದ ಮೇಲೆ ಅಪ್ಪನಿಗೆ ಅಂದರು: “ನೀವು ಕೋರ್ಟಿಗೆ ಹೋಗ್ರಿ. ಸಾಕ್ಷಿ ನಾ ಹೇಳ್ತೀನಿ.”

ಅಂದಿನಿಂದ ಯಾರೋ ಹೊತ್ತುಗೊತ್ತಿಲ್ಲದೆ ಅವರ ಬಾಗಿಲು ಬಡಿದು ಮಾಯವಾಗುತ್ತಿದ್ದರು. ಅವರ ನಳದ ನೀರೂ ನಿಂತಿತು. ನಾನು ಕೊಡ ಹಿಡಿದು ಹೋದರೆ, ಒಳಗಿನಿಂದ ನನ್ನ ಹೆಸರು ಎರಡು ಸಲ ಕೇಳಿಯೇ ಅಗಳಿ ತೆಗೆಯುತ್ತಿದ್ದರು.

ಕೋರ್ಟಿನ ಮೆಟ್ಟಿಲೇರುವಾಗ ನನ್ನ ಕೈ ಹಿಡಿದಿದ್ದ ಅವರ ಅಂಗೈ ಬೆವೆತು ಜಾರುತ್ತಿತ್ತು. ಮಾಲಕರ ವಕೀಲರು ಹೆಗ್ಗಣ ಕಚ್ಚಿದ್ದನ್ನು ಕಣ್ಣಾರೆ ಕಂಡಿರಾ ಎಂದು ಜಬರಿಸಿದರು.

“ಕಂಡೀನ್ರಿ. ಕೂಸಿನ ಕಾಲು ಅದರ ಬಾಯಾಗ ಇತ್ತು.”

ತಪ್ಪು ಮಾಲಕರದೆಂದು ತೀರ್ಪಾಯಿತು. ಔಷಧೋಪಚಾರದ ಹೊಣೆಯೂ ಅವರದೇ ಆಯಿತು. ಗೋದಾಮು ತೆರವಾಯಿತು, ಗೋಡೆಗೆ ಗಾರೆ ಬಿತ್ತು. ಆದರೆ ಕಾಕೂ ಅವರ ಬಾಗಿಲನ್ನು ಯಾರೋ ಬಡಿಯುವುದು ನಿಲ್ಲಲಿಲ್ಲ. ಒಂದು ಬೆಳಗ್ಗೆ ಟ್ರಂಕು ಹೊರಿಸಿಕೊಂಡು ಬೀಡಿಯ ಅಣ್ಣನ ಮನೆಗೆ ಹೊರಟುಹೋದರು.

ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೋದಾಗ ಕೇಳಿದೆ: “ಆವಾಗ ನಿಮಗ ಅಂಜಿಕಿ ಬರಲಿಲ್ಲೇನ್ರೀ ಕಾಕೂ?”

“ಬಂದಿತ್ತವಾ. ಹೋಗೇ ಇಲ್ಲ ನೋಡು. ಈಗೂ ಬಾಗಲಾ ಸಪ್ಪಳಾದ್ರ ಎದಿ ಝಲ್ ಅಂತೈತಿ.”

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆ ಮನೆಯಲ್ಲಿ ನಾವು ಇನ್ನೂ ಬಹಳ ಕಾಲ ನೆಮ್ಮದಿಯಿಂದ ನಿದ್ದೆ ಮಾಡಿದೆವು.