ಸ್ಪ್ಯಾನರ್ ಮೇಷ್ಟ್ರ ಪಾಠ

ಪಂಪು ರಿಪೇರಿಯ ವರ್ಕ್‌ಶಾಪಿನಲ್ಲಿ ಅವರಿಗೆ ಸ್ಪ್ಯಾನರ್ ಮೇಷ್ಟ್ರು ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ಆ ಪದ ಹುಟ್ಟಿದ ಕಥೆ ಕೇಳಬೇಕು, ಕೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಬೇಕು. ಒಪ್ಪಿಸಿದವರ ಅಂಗೈಯಲ್ಲಿ ಮೇಷ್ಟ್ರು ತಾವೇ ಸ್ಪ್ಯಾನರ್ ಇಡುತ್ತಿದ್ದರು. ಅಲ್ಲಿಯವರೆಗೆ ಗೋಗರೆದರೂ ಇಲ್ಲ.

ಪಾಠ ಇಷ್ಟೇ. ಜರ್ಮನ್ ಭಾಷೆಯಲ್ಲಿ ಶ್ಪಾನೆನ್ ಎಂದರೆ ಎಳೆದು ಬಿಗಿಮಾಡುವುದು. ಹಳೆಯ ಕಾಲದ ಬಂದೂಕಿನ ಸ್ಪ್ರಿಂಗಿಗೆ ಕೀ ಕೊಡುವ ಸಲಕರಣೆಗೆ ಮೊದಲು ಸ್ಪ್ಯಾನರ್ ಎನ್ನುತ್ತಿದ್ದರು. ನಟ್ಟು ಬೋಲ್ಟು ತಿರುಗಿಸುವ ಸಲಕರಣೆಗೆ ಆ ಹೆಸರು ಬಂದದ್ದು ಆಮೇಲೆ. ಅಮೆರಿಕದವರು ಇದನ್ನೇ ರೆಂಚ್ ಎನ್ನುತ್ತಾರೆ, ಅಂದರೆ ತಿರುಚುವುದು. ಇಂಗ್ಲೆಂಡಿನಲ್ಲಿ ಪೆದ್ದನನ್ನೂ ಸ್ಪ್ಯಾನರ್ ಎಂದು ಬೈಯುವುದುಂಟು. ಇದರಲ್ಲಿ ಒಂದಕ್ಷರ ಆಚೀಚೆಯಾದರೂ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ವರ್ಕ್‌ಶಾಪಿನವರು ಬೆನ್ನ ಹಿಂದೆ ನಗುತ್ತಿದ್ದರು, ಎದುರಿಗೆ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಹೆಂಡತಿಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಮದುವೆಯಾದ ಹೊಸದರಲ್ಲಿ ಬಾಯಿತಪ್ಪಿ ಅದನ್ನು ಫ್ರೆಂಚ್ ಪದ ಎಂದುಬಿಟ್ಟು ಆಕೆ ಅರ್ಧ ಗಂಟೆ ಬೈಸಿಕೊಂಡಿದ್ದಳು.

ಈಗ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳು. ಕೈಕಾಲು ಹೇಗೋ ಚೇತರಿಸಿಕೊಂಡವು, ಮಾತು ಮಾತ್ರ ಹೋದದ್ದು ಹೋಯಿತು. ಬಾಯಲ್ಲಿ ಉಳಿದದ್ದು ‘ಅದು’ ಒಂದೇ. ಮಾತು ಕಲಿಸುವ ಡಾಕ್ಟರಮ್ಮ ಹೇಳಿದ್ದರು, "ಅವರಿಗೆ ತುಂಬಾ ಇಷ್ಟವಾದ ವಿಷಯ ಎತ್ತಿ ನೋಡಿ. ಕೆಲವರಿಗೆ ಸಿಟ್ಟಲ್ಲೂ ಒಂದೊಂದು ಮಾತು ಬರುತ್ತೆ."

ಹೆಂಡತಿ ತಗಡಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದು ಅವರ ಕೈಗಿಟ್ಟಳು. ಬೆರಳುಗಳು ತಾವಾಗಿ ಹಿಡಿದುಕೊಂಡವು. ಮೇಷ್ಟ್ರು ಬಗ್ಗಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ನಟ್ಟನ್ನು ಬಿಗಿ ಮಾಡಿದರು. ಆಕೆಗೆ ಹೋದ ಜೀವ ಬಂದಂತಾಯಿತು.

"ಇದೇನು ಹೇಳ್ರೀ?"

ಮೇಷ್ಟ್ರು ಬಾಯಿ ತೆರೆದರು. "ಅದು... ಅದು..."

"ಸ್ಪ್ಯಾ... ಹೂಂ, ಮುಂದೆ ಹೇಳಿ."

"ಅದು."

ಇನ್ನೇನೂ ತೋಚದೆ ಆಕೆ ಬೇಕೆಂದೇ ತಪ್ಪು ಹೇಳಿದಳು. "ನಂಗೆ ಗೊತ್ತು ಬಿಡಿ. ಇದು ಫ್ರೆಂಚ್ ಪದ. ಗಡಿಯಾರಕ್ಕೆ ಕೀ ಕೊಡೋಕೆ ಮಾಡಿದ್ದು. ಸರೀನಾ?"

ಬೈಯಲಿ, ಬಾಯಿಗೆ ಬಂದ ಹಾಗೆ ಬೈಯಲಿ, ಪೆದ್ದಿ ಅಂತಲಾದರೂ ಅನ್ನಲಿ ಎಂದು ಕಾದಳು. ಅಷ್ಟು ವರ್ಷ ಯಾವ ಬೈಗುಳಕ್ಕೆ ಹೆದರಿದ್ದಳೋ ಇವತ್ತು ಅದೇ ಬೇಕಾಗಿತ್ತು.

ಮೇಷ್ಟ್ರು ಅವಳ ಮುಖ ನೋಡಿದರು. ನಿಧಾನವಾಗಿ ಹೌದೆಂದು ತಲೆಯಾಡಿಸಿದರು. ಆಮೇಲೆ ಅವಳ ಕೈ ಎಳೆದುಕೊಂಡು, ಅಂಗೈ ಬಿಡಿಸಿ, ಸ್ಪ್ಯಾನರನ್ನು ಅದರಲ್ಲಿ ಇಟ್ಟರು.