ಇಂಜಿನ್ ನಿಂತ ವಿಮಾನ, ಇಳಿದು ಬಂದ ಮೊಮ್ಮಗಳು

ನನ್ನ ಮೊಮ್ಮಗಳು ಬದುಕಿದ್ದಾಳೆ. ಗದ್ದದ ಮೇಲೆ ಉಗುರಿನಷ್ಟು ಗಾಯ, ಅಷ್ಟೇ. ಮೊದಲು ಇದನ್ನು ಓದಿಬಿಡಿ, ಉಳಿದದ್ದು ಆಮೇಲೆ.

ಪೂರ್ವಿ ವಡೋದರಾ ಹತ್ತಿರ ವಿಮಾನ ಓಡಿಸಲು ಕಲಿಯುತ್ತಿದ್ದಾಳೆ. ಎರಡೇ ಸೀಟಿನ ವಿಮಾನ. (ನಮ್ಮ ಅಹಮದಾಬಾದಿನ ಆಟೋಗೆ ರೆಕ್ಕೆ ಹಚ್ಚಿದಂತಿದೆ. ಅವಳೆದುರು ಹೇಳಬೇಡಿ.) ಮೊನ್ನೆ ಒಬ್ಬಳೇ ಹಾರಿದ್ದಳು. ನಡುದಾರಿಯಲ್ಲಿ ಇಂಜಿನ್ ಕೆಮ್ಮಿತು, ನಿಂತೇಹೋಯಿತು. ಕೆಳಗೆ ಗೋಧಿ ಕೊಯ್ದ ಹೊಲ. ಅಲ್ಲೇ ಇಳಿಸಿದಳು. ಚಕ್ರ ಮುರಿಯಿತು, ವಿಮಾನದ ಮೂಗು ಮಣ್ಣಿಗೆ ಬಡಿಯಿತು, ಹುಡುಗಿ ಬಾಗಿಲು ತೆಗೆದು ನಡೆದು ಬಂದಳು. ಹೊಲದ ಯಜಮಾನ ಮಜ್ಜಿಗೆ ಕೊಟ್ಟು ಕೇಳಿದನಂತೆ: "ಬೇಟಾ, ಡ್ರೈವರ್ ಎಲ್ಲಿ?"

ಸಂಜೆ ಅವಳಪ್ಪ, ಅಂದರೆ ನನ್ನ ಮಗ, ಅವಳನ್ನು ಮನೆಗೆ ಕರೆತಂದ. ನನ್ನ ಹೆಂಡತಿ ದೃಷ್ಟಿ ತೆಗೆದಳು. ನಾನು? ನೀರು ತರುತ್ತೇನೆಂದು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಆದರೆ ಪೂರ್ವಿ ತಟ್ಟೆ ಮುಟ್ಟಲಿಲ್ಲ.

"ಉಣ್ಣವಾ, ರೊಟ್ಟಿ ಆರತಾವ" ಎಂದಳು ಅಜ್ಜಿ.

"ಅಜ್ಜಾ, ಮಿಸ್ಟೇಕ್ ನಂದೇ. ಟ್ಯಾಂಕ್ ಮುಚ್ಚಳ ನಾನೇ ಹಾಕಿದ್ದು, ಲಾಕ್ ಆಗಿರಲಿಲ್ಲ. ಮ್ಯಾಲೆ ಗಾಳಿಗೆ ಪೆಟ್ರೋಲ್ ಎಲ್ಲಾ ಹೊರಗ ಹೋಗೇತಿ. ಸಾಕು, ನಾ ಇನ್ನ ಹಾರಂಗಿಲ್ಲ."

ಮಗನ ಮುಖ ಅರಳಿತು. ನನಗೂ ಒಂದು ಗಳಿಗೆ ಒಳ್ಳೆಯದೇ ಆಯಿತು ಅನಿಸಿತು, ಸುಳ್ಳು ಯಾಕೆ ಹೇಳಲಿ? ಆದರೆ ಹುಡುಗಿಯ ಬಗ್ಗಿದ ತಲೆ ನೋಡಲಾಗಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ರಾಕೆಟ್ ಸಂಶೋಧನಾ ಸಂಸ್ಥೆಯ ಬಸ್ ಓಡಿಸುತ್ತಿದ್ದಾಗ ಒಮ್ಮೆ ಡೀಸೆಲ್ ನೋಡದೆ ಹೊರಟು, ಸೂರತ್ ದಾರಿಯಲ್ಲಿ ವಿಜ್ಞಾನಿಗಳನ್ನೆಲ್ಲ ಬಿಸಿಲಿಗೆ ಇಳಿಸಿದ್ದೆ. ಮನೆಯಲ್ಲಿ, ಇಂಜಿನ್ ಬೆಲ್ಟ್ ಹರಿದು ಬಸ್ಸು ನಿಂತಿತು ಎಂದಿದ್ದೆ.

"ರಾಕೆಟ್ ಮಾಡೋರು ಬಸ್ ತಳ್ಳಿದ್ರಾ?" ಪೂರ್ವಿ ತಲೆ ಎತ್ತಿದಳು.

"ಪಂಪಿನ ತನಕ ತಳ್ಳಿದ್ರವಾ, ಟೈ ಹಾಕ್ಕೊಂಡು. ಮರುದಿನ ಅದೇ ಬಸ್ಸು, ನಾನೇ ಡ್ರೈವರ್. ಡೀಸೆಲ್ ಎರಡು ಸಲ ನೋಡಿದೆ."

"ಅಂದ್ರ ಬೆಲ್ಟ್ ಹರಿದಿದ್ದಿಲ್ಲ?" ಹೆಂಡತಿ ನನ್ನ ತಟ್ಟೆಗೆ ಬರುತ್ತಿದ್ದ ರೊಟ್ಟಿಯನ್ನು ಮಗನ ತಟ್ಟೆಗೆ ಹಾಕಿದಳು.

ಪೂರ್ವಿ ನಕ್ಕಳು. ರೊಟ್ಟಿ ಮುರಿದಳು. ನಾವು ಮಕ್ಕಳಿಗೆ ಗೆದ್ದ ಕತೆಗಳನ್ನಷ್ಟೇ ಹೇಳುತ್ತೇವೆ, ಕೆಟ್ಟು ನಿಂತದ್ದನ್ನು ಯಾಕೆ ಹೇಳುವುದಿಲ್ಲ?

ನಾಲ್ವರೂ ಕೂತು ಉಂಡೆವು. ಮೂರನೇ ರೊಟ್ಟಿಗೆ ಕೈಚಾಚುತ್ತ ಅವಳೆಂದಳು: "ಸೋಮವಾರ ಎನ್‌ಕ್ವೈರಿ. ತಪ್ಪು ನಂದಂತ ನಾನೇ ಹೇಳತೀನಿ. ಮತ್ತ ಹಾರಲಿಕ್ಕೆ ಬಿಡ್ರಿ ಅಂತನೂ ಕೇಳತೀನಿ."

ಮಗ ನನ್ನನ್ನು ದುರುಗುಟ್ಟಿ ನೋಡಿದ. ನೋಡಲಿ ಬಿಡಿ, ನಾನು ಇನ್ನಷ್ಟು ಪಲ್ಯ ಹಾಕಿಸಿಕೊಂಡೆ. ತಪ್ಪು ನನ್ನದೇ ಎನ್ನುವ ಪೈಲಟ್ ಪಕ್ಕದಲ್ಲಿ ಕೂರಲು ಭಯವೇಕೆ?